ಮಳೆಗಾಲದಲ್ಲೂ ಸೈಕಲ್ ಬಿಡದಿರಲು: ಕಾರವಾರದಿಂದ ಶಿರಸಿಯವರೆಗಿನ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಹಿಮ ಬೀಳುವ ದೇಶಗಳ ಸೈಕಲ್ ಸವಾರರಿಗೆ ಚಳಿಗಾಲ ಎಷ್ಟು ಕಠಿಣವೋ ಉತ್ತರ ಕನ್ನಡದವರಿಗೆ ಮಳೆಗಾಲ ಅಷ್ಟೇ ಕಠಿಣ. ಜೂನ್ ಮೊದಲ ವಾರ ಕಳೆದು ಮೃಗಶಿರಾ ಮಳೆ ಹಿಡಿಯುತ್ತಿದ್ದಂತೆ ಎಷ್ಟೋ ಮನೆಗಳಲ್ಲಿ ಸೈಕಲ್ಲು ಕೊಟ್ಟಿಗೆಯ ಮೂಲೆ ಸೇರುತ್ತದೆ. ನವರಾತ್ರಿಯ ಆಯುಧಪೂಜೆಗೆಂದು ಹೊರಗೆ ತೆಗೆದಾಗ ಚೈನು ತುಕ್ಕು ಹಿಡಿದು ಬಿಗಿದಿರುತ್ತದೆ, ಟಯರುಗಳ ಗಾಳಿ ಇಳಿದಿರುತ್ತದೆ, ತುಳಿಯುವ ರೂಢಿಯೂ ತಪ್ಪಿರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 3,000 ಮಿ.ಮೀ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವುದರಿಂದ, ಮಳೆ ನಿಲ್ಲಲಿ ಎಂದು ಕಾಯುವವರು ವರ್ಷದ ಮೂರನೆಯ ಒಂದು ಭಾಗವನ್ನು ಕಾಯುವುದರಲ್ಲೇ ಕಳೆಯಬೇಕಾಗುತ್ತದೆ.

ಸವಾರಿ ನಿಲ್ಲಿಸಿದವರನ್ನು ಕಾರಣ ಕೇಳಿದರೆ ಮಳೆ ಎನ್ನುತ್ತಾರೆ. ಬಿಡಿಸಿ ನೋಡಿದರೆ ಅದರೊಳಗೆ ಸಣ್ಣಸಣ್ಣ ತೊಂದರೆಗಳು ಸಿಗುತ್ತವೆ: ಕೆಲಸದ ಜಾಗ ತಲುಪಿದ ಮೇಲೆ ಉಟ್ಟುಕೊಳ್ಳಲು ಒಣಬಟ್ಟೆ ಇರುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ, ಹಿಂದಿನಿಂದ ಬರುವ ಲಾರಿಗೆ ತಾನು ಕಾಣುತ್ತೇನೋ ಇಲ್ಲವೋ ಎಂಬ ಅಂಜಿಕೆ ಇರುತ್ತದೆ. ಇವೆಲ್ಲಕ್ಕೂ ಪರಿಹಾರ ಹೊರಡುವ ಮೊದಲೇ ಮಾಡಿಕೊಳ್ಳುವಂಥದ್ದು. ಹೊಸ್ತಿಲ ಮೇಲೆ ನಿಂತು ಆಕಾಶ ನೋಡುತ್ತ ತೀರ್ಮಾನ ಮಾಡಹೊರಟವರು ಹತ್ತರಲ್ಲಿ ಎಂಟು ದಿನ ಒಳಗೇ ಉಳಿಯುತ್ತಾರೆ. ಈ ಬರಹ ಮೊದಲೇ ಮಾಡಿಟ್ಟುಕೊಳ್ಳಬೇಕಾದ ತೀರ್ಮಾನಗಳ ಕುರಿತದ್ದು.

ಮೊದಲ ಹೆಜ್ಜೆ: ಯಾವ ದಿನ ಹೊರಡಬಾರದು?

ಉತ್ಸಾಹದ ಮಾತಿಗಿಂತ ಮೊದಲು ನಿಷೇಧದ ಮಾತು ಬರಬೇಕು. ಹೊರಡಬಾರದ ದಿನಗಳು ಯಾವುವೆಂದು ಸ್ಪಷ್ಟವಾಗಿದ್ದರೆ ಉಳಿದ ದಿನಗಳಲ್ಲಿ ಅನುಮಾನವಿಲ್ಲದೆ ಹೊರಡಬಹುದು.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ, 204.5 ಮಿ.ಮೀ. ಮುಟ್ಟಿದರೆ ಅತ್ಯಂತ ಭಾರಿ ಮಳೆ. ಯೆಲ್ಲೋ, ಆರೆಂಜ್ ಮತ್ತು ರೆಡ್ ಅಲರ್ಟ್‌ಗಳು ಇಂಥ ಮುನ್ಸೂಚನೆಯ ಜೊತೆಗೇ ಬರುತ್ತವೆ. ರೆಡ್ ಅಲರ್ಟ್ ಇರುವ ದಿನ ಸೈಕಲ್ ಹೊರಗೆ ತೆಗೆಯಬೇಡಿ, ಆರೆಂಜ್ ಅಲರ್ಟ್ ಇದ್ದರೆ ಊರೊಳಗಿನ ಗೊತ್ತಿರುವ ರಸ್ತೆಗಳಿಗೆ ಮಾತ್ರ ಸೀಮಿತರಾಗಿ, ಯೆಲ್ಲೋ ಇದ್ದರೆ ಘಟ್ಟದ ರಸ್ತೆಯನ್ನು ಬಿಟ್ಟು ಉಳಿದೆಡೆ ಹೋಗಬಹುದು. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ ದಿನ ನಿಮ್ಮ ಸೈಕಲ್ಲಿಗೂ ರಜೆ ಎಂದುಕೊಂಡರೆ ಲೆಕ್ಕ ಇನ್ನೂ ಸುಲಭ.

ಗುಡುಗು ಸಿಡಿಲಿಗೆ ಬೇರೆಯದೇ ನಿಯಮ ಬೇಕು. ನಮ್ಮಲ್ಲಿ ನಟ್ಟ ನಡು ಮಳೆಗಾಲಕ್ಕಿಂತ ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲೂ ಅಕ್ಟೋಬರ್‌ನ ಸಂಜೆಯ ಮಳೆಗಳಲ್ಲೂ ಸಿಡಿಲಿನ ಹಾವಳಿ ಹೆಚ್ಚು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿ.ಮೀ.ಗಿಂತ ಹತ್ತಿರದಲ್ಲಿದೆ ಎಂದರ್ಥ. ಕೂಡಲೇ ಗಟ್ಟಿ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಅಲ್ಲೇ ಇರಿ. ಗದ್ದೆಬಯಲಿನ ಒಂಟಿ ಮರದ ಕೆಳಗೆ, ತೆಂಗಿನ ಬುಡದಲ್ಲಿ, ಸಮುದ್ರದ ದಂಡೆಯ ತೆರೆದ ಜಾಗದಲ್ಲಿ ನಿಲ್ಲುವುದು ನೆನೆಯುವುದಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿ.

ಹರಿಯುವ ನೀರು ದಾಟುವ ಪ್ರಶ್ನೆಯಲ್ಲಿ ಚರ್ಚೆಗೇ ಅವಕಾಶವಿಲ್ಲ. ಅರ್ಧ ಅಡಿ ಆಳದ ನೀರು ರಭಸವಾಗಿ ಹರಿಯುತ್ತಿದ್ದರೆ ನಿಂತ ಮನುಷ್ಯನನ್ನೇ ಕೆಡವಬಲ್ಲದು. ಹಳ್ಳ ಉಕ್ಕಿ ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ತಿರುಗಿ ಬನ್ನಿ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ತಿಳಿಯುವುದಿಲ್ಲ. ತುಂಡಾಗಿ ಬಿದ್ದ ವಿದ್ಯುತ್ ತಂತಿ ಕಂಡರೆ ದೂರದಲ್ಲೇ ನಿಂತು 1912ಕ್ಕೆ ಕರೆ ಮಾಡಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077: ಈ ಸಂಖ್ಯೆಗಳು ಮೊಬೈಲಿನಲ್ಲಿ ಇದ್ದರೆ ಸಾಲದು, ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೂ ಇರಲಿ, ಏಕೆಂದರೆ ಮಳೆಗೆ ಮೊದಲು ಕೈಕೊಡುವುದು ಮೊಬೈಲೇ.

ಎರಡನೆಯ ಹೆಜ್ಜೆ: ಮೇ ತಿಂಗಳಲ್ಲೇ ಸೈಕಲ್ಲನ್ನು ಅಣಿಗೊಳಿಸುವುದು

ಎಲ್ಲಕ್ಕಿಂತ ಮೊದಲು ಬ್ರೇಕ್. ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಮಳೆಯ ಹೊತ್ತು ಲಿವರ್ ಹಿಡಿದಾಗ, ರಬ್ಬರು ಮೊದಲು ರಿಮ್ಮಿನ ಮೇಲಿನ ನೀರನ್ನು ಒರೆಸಿ ತೆಗೆಯಬೇಕು. ಅಲ್ಲಿಯವರೆಗೆ ಚಕ್ರ ಬ್ರೇಕೇ ಇಲ್ಲದಂತೆ ಒಂದೆರಡು ಸುತ್ತು ತಿರುಗುತ್ತದೆ, ಆಮೇಲೆ ಹಠಾತ್ತನೆ ಹಿಡಿತ ಬರುತ್ತದೆ. ಹೊಸಬರು ಬೀಳುವುದು ಈ ಎರಡನೆಯ ಕ್ಷಣದಲ್ಲಿ: ಹಿಡಿಯುತ್ತಿಲ್ಲವೆಂದು ಗಾಬರಿಯಿಂದ ಬಲವಾಗಿ ಒತ್ತಿರುತ್ತಾರೆ, ನೀರು ಹೋದ ಕೂಡಲೇ ಚಕ್ರ ಕಚ್ಚಿ ಜಾರುತ್ತದೆ. ಆದ್ದರಿಂದ ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮೊದಲೇ ಲಿವರನ್ನು ಹಗುರವಾಗಿ ಹಿಡಿದು ರಿಮ್ ಒರೆಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಕ್ರೋಮ್ ಹಾಕಿದ ಉಕ್ಕಿನ ರಿಮ್ ಇರುವ ಹಳೆಯ ಸೈಕಲ್ಲುಗಳಲ್ಲಿ ಈ ತೊಂದರೆ ಬಹಳ ಹೆಚ್ಚು. ಒದ್ದೆಯಾದ ಉಕ್ಕಿನ ಮೇಲೆ ರಬ್ಬರು ನಿಲ್ಲುವುದೇ ಇಲ್ಲ. 2006–07ರಲ್ಲಿ ಸರ್ಕಾರ 8ನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿಹಳ್ಳಿಯ ಜಗಲಿಗಳಿಗೆ ಸೈಕಲ್ಲು ಬಂತು, ಅವುಗಳಲ್ಲಿ ಕೆಲವು ಇಂದಿಗೂ ಹಾಲಿನ ಡೇರಿಗೂ ಪೇಟೆಗೂ ಓಡುತ್ತಿವೆ. ನಿಮ್ಮ ಸೈಕಲ್ಲಿನದು ಉಕ್ಕಿನ ರಿಮ್ ಆಗಿದ್ದರೆ ಅಲ್ಯೂಮಿನಿಯಂ ರಿಮ್ಮಿಗೆ ಬದಲಾಯಿಸುವುದು ಮಳೆಗಾಲಕ್ಕೆಂದು ಮಾಡುವ ಖರ್ಚುಗಳಲ್ಲೆಲ್ಲ ಸಾರ್ಥಕವಾದದ್ದು. ಹೊಸ ಸೈಕಲ್ ಕೊಳ್ಳುವವರಿಗೆ ಡಿಸ್ಕ್ ಬ್ರೇಕೇ ಲೇಸು, ಆದರೆ ಚೈನಿಗೆ ಎಣ್ಣೆ ಬಿಡುವಾಗ ಒಂದು ತೊಟ್ಟು ಡಿಸ್ಕಿನ ಮೇಲೆ ಬಿದ್ದರೂ ಅದರ ಹಿಡಿತ ಹೋಗುತ್ತದೆ.

ಬ್ರೇಕ್ ರಬ್ಬರನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡಿ. ನಮ್ಮ ರಸ್ತೆಗಳ ಕೆಮ್ಮಣ್ಣಿನ ಮರಳು ರಬ್ಬರಿಗೂ ರಿಮ್ಮಿಗೂ ನಡುವೆ ಸೇರಿ ರಿಮ್ಮನ್ನು ಅರೆಯುತ್ತದೆ, ಅರೆದ ಅಲ್ಯೂಮಿನಿಯಂ ಚೂರುಗಳು ರಬ್ಬರಿನಲ್ಲೇ ನೆಟ್ಟುಕೊಳ್ಳುತ್ತವೆ. ಬೆಳಕಿಗೆ ಹಿಡಿದರೆ ಕಪ್ಪು ರಬ್ಬರಿನ ಮೇಲೆ ಬೆಳ್ಳಿಯ ಚುಕ್ಕಿಗಳಂತೆ ಅವು ಮಿನುಗುತ್ತವೆ. ಸೇಫ್ಟಿ ಪಿನ್ನಿನ ಮೊನೆಯಿಂದ ಒಂದೊಂದನ್ನೇ ಕಿತ್ತು, ಒರಟು ಕಾಗದದಿಂದ ರಬ್ಬರನ್ನು ಒಮ್ಮೆ ಉಜ್ಜಿ ಮತ್ತೆ ಕೂರಿಸಿ. ಬ್ರೇಕ್ ಹಾಕಿದಾಗ ಕರ್ರೆನ್ನುವ ಸದ್ದು ಬಂದರೆ ಮುಂದಿನ ವಾರಕ್ಕೆಂದು ಬಿಡದೆ ಅಂದೇ ಈ ಕೆಲಸ ಮಾಡಿ.

ಟಯರಿನ ವಿಷಯದಲ್ಲಿ ಜನ ಹಲ್ಲುಗಳ ಆಳಕ್ಕೆ ಕೊಡುವಷ್ಟು ಮಹತ್ವ ಡಾಂಬರು ರಸ್ತೆಯಲ್ಲಿ ಅದಕ್ಕಿಲ್ಲ. ಸೈಕಲ್ಲಿನ ಟಯರು ಕಿರಿದಾಗಿರುವುದರಿಂದಲೂ ವೇಗ ಕಡಿಮೆ ಇರುವುದರಿಂದಲೂ ಕಾರಿನಂತೆ ಅದು ನೀರಿನ ಮೇಲೆ ತೇಲುವುದಿಲ್ಲ. ಗಾಳಿಯ ಒತ್ತಡ ಮತ್ತು ರಬ್ಬರಿನ ಗುಣ ಮುಖ್ಯ. ಬೇಸಿಗೆಯಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುವ ಹೈಬ್ರಿಡ್ ಟಯರಿಗೆ ಮಳೆಗಾಲದಲ್ಲಿ 50ರಿಂದ 55 ಹಾಕಿದರೆ ನೆಲದ ಹಿಡಿತ ಹೆಚ್ಚುತ್ತದೆ, ಆದರೆ ಟಯರಿನ ಬದಿಯಲ್ಲಿ ಅಚ್ಚಾಗಿರುವ ಕನಿಷ್ಠ ಮಿತಿಗಿಂತ ಕೆಳಗೆ ಇಳಿಸಬೇಡಿ. ಒದ್ದೆಯಾದ ಗಾಜಿನ ಚೂರು, ಮುಳ್ಳು ರಬ್ಬರಿನೊಳಗೆ ಸಲೀಸಾಗಿ ಜಾರುವುದರಿಂದ ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿ. ಸುರಿಮಳೆಯಲ್ಲಿ ಟ್ಯೂಬಿಗೆ ಪ್ಯಾಚ್ ಅಂಟುವುದಿಲ್ಲವಾದ್ದರಿಂದ ಬದಲಿ ಟ್ಯೂಬ್ ಒಯ್ಯುವುದೇ ಸರಿ.

ಚಕ್ರದ ಪೂರ್ತಿ ಅಗಲವನ್ನು ಮುಚ್ಚುವ ಉದ್ದನೆಯ ಮಡ್‌ಗಾರ್ಡ್ ಹಾಕಿಸಿ. ಗೇರ್ ಸೈಕಲ್ಲಿನ ಅಂದ ಕೆಡುತ್ತದೆಂದು ಯುವಕರು ಅದನ್ನು ಬಿಚ್ಚಿಸುತ್ತಾರೆ. ಮೇಲಿಂದ ಬೀಳುವ ಶುದ್ಧ ನೀರಿಗಿಂತ ಕೆಳಗಿಂದ ಚಿಮ್ಮುವ ಕೆಸರೇ ಬಟ್ಟೆಯನ್ನೂ ಬೇರಿಂಗನ್ನೂ ಹಾಳು ಮಾಡುತ್ತದೆಂಬುದು ಬೆನ್ನ ಮೇಲೆ ಕೆಂಪು ಪಟ್ಟಿ ಮೂಡಿದ ಮೇಲೆ ಅರಿವಾಗುತ್ತದೆ.

ಚೈನಿಗೆ ಮಳೆಗಾಲಕ್ಕೆಂದೇ ಸಿಗುವ ದಪ್ಪ ಎಣ್ಣೆ ಬಳಸಿ. ತುಕ್ಕು ಬಿಡಿಸುವ ಸ್ಪ್ರೇ ನೀರನ್ನು ಓಡಿಸುತ್ತದೆಯೇ ಹೊರತು ಎಣ್ಣೆಯಂತೆ ಬಾಳಿಕೆ ಬರುವುದಿಲ್ಲ. ಮನೆಯಲ್ಲಿ ಧಾರಾಳವಾಗಿ ಸಿಗುವ ತೆಂಗಿನೆಣ್ಣೆಯೂ ಇದಕ್ಕೆ ಸಲ್ಲ; ಮಳೆಗೆ ಬೇಗ ತೊಳೆದುಹೋಗುತ್ತದೆ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ.

ಮೂರನೆಯ ಹೆಜ್ಜೆ: ಮೈಮೇಲೇನು, ಚೀಲದಲ್ಲೇನು

ಕಾರವಾರ, ಕುಮಟಾ, ಹೊನ್ನಾವರದ ಸೆಕೆಯಲ್ಲಿ ಪೂರ್ತಿ ಮುಚ್ಚುವ ರಬ್ಬರೀಕೃತ ರೇನ್‌ಕೋಟ್ ಹಾಕಿ ಸೈಕಲ್ ತುಳಿದರೆ ಹತ್ತು ನಿಮಿಷದಲ್ಲಿ ಒಳಗಿನ ಬೆವರಿಗೇ ಮೈ ನೆನೆದಿರುತ್ತದೆ. ಜುಲೈ ತಿಂಗಳಲ್ಲೂ ಇಲ್ಲಿನ ಉಷ್ಣಾಂಶ 24ರಿಂದ 29 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಅರ್ಧ ಗಂಟೆಯೊಳಗಿನ ದಾರಿಗೆ ನೆನೆಯುವುದನ್ನು ಒಪ್ಪಿಕೊಂಡುಬಿಡುವುದೇ ಜಾಣತನ. ಬೇಗ ಒಣಗುವ ಪಾಲಿಯೆಸ್ಟರ್ ಅಂಗಿ, ಮೊಣಕಾಲಿನವರೆಗಿನ ಚಡ್ಡಿ, ಪಟ್ಟಿ ಇರುವ ಫ್ಲೋಟರ್ ಚಪ್ಪಲಿ ತೊಟ್ಟು ಹೋಗಿ, ತಲುಪಿದ ಕೂಡಲೇ ಒಣಬಟ್ಟೆಗೆ ಬದಲಾಯಿಸಿ. ನೆನೆದದ್ದರಿಂದ ಆಗುವ ಕೆಡುಕು ಅಲ್ಪ, ನೆನೆದ ಬಟ್ಟೆಯಲ್ಲೇ ಫ್ಯಾನಿನ ಕೆಳಗೆ ಕೂತದ್ದರಿಂದ ಆಗುವುದು ಬಹಳ. ಜೀನ್ಸ್ ಬೇಡವೇ ಬೇಡ. ನೀರು ಕುಡಿದು ಭಾರವಾಗಿ ತೊಡೆ ಉಜ್ಜುತ್ತದೆ, ಈ ಹವೆಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.

ಘಟ್ಟದ ಮೇಲೆ ಲೆಕ್ಕವೇ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಳಿಯೊಂದಿಗೆ ಬರುವ ಜಡಿಮಳೆಯಲ್ಲಿ ಒಂದು ಗಂಟೆ ಕಳೆದರೆ ಬೆರಳು ಮರಗಟ್ಟುತ್ತದೆ, ಮರಗಟ್ಟಿದ ಬೆರಳಿಗೆ ಬ್ರೇಕ್ ಹಿಡಿಯುವ ನಯ ಇರುವುದಿಲ್ಲ. ಇಲ್ಲಿ ಗಾಳಿ ತಡೆಯುವ ತೆಳು ಜಾಕೆಟ್ ಬೇಕು, ಅದರ ಒಳಗೊಂದು ತೆಳು ಉಣ್ಣೆಯ ಅಂಗಿಯಿದ್ದರೆ ಇನ್ನೂ ಒಳ್ಳೆಯದು. ಗದ್ದೆ ಕೆಲಸಕ್ಕೆ ಹೋಗುತ್ತಿದ್ದವರು ಕಂಬಳಿ ಕೊಪ್ಪೆ ಹೊದ್ದು ಇಡೀ ದಿನ ಮಳೆಯಲ್ಲಿ ನಿಲ್ಲುತ್ತಿದ್ದುದರ ಗುಟ್ಟು ಇದೇ: ಉಣ್ಣೆ ನೆನೆದ ಮೇಲೂ ಬೆಚ್ಚಗಿಡುತ್ತದೆ, ಹತ್ತಿ ಇಡುವುದಿಲ್ಲ.

ಮೈತುಂಬ ಹೊದ್ದುಕೊಳ್ಳುವ ಪೊಂಚೊ ಮಾದರಿಯ ರೇನ್‌ಕೋಟನ್ನು ನಾನು ಯಾರಿಗೂ ಹೇಳುವುದಿಲ್ಲ. ಪೇಟೆಯೊಳಗೆ ನಿಧಾನವಾಗಿ ಹೋಗುವಾಗ ಅದು ಅನುಕೂಲವೆನಿಸಿದರೂ ಸಮುದ್ರದ ಗಾಳಿ ಬೀಸುವಲ್ಲಿ ಹಾಯಿಯಂತೆ ಉಬ್ಬಿ ಸವಾರನನ್ನು ಪಕ್ಕಕ್ಕೆ ಎಳೆಯುತ್ತದೆ, ಅಂಚು ಚಕ್ರಕ್ಕೆ ಸಿಕ್ಕುವ ಭಯವೂ ಇದೆ. ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಹೊಡೆಯುವುದಂತೂ ಎರಡು ಬ್ರೇಕುಗಳಲ್ಲಿ ಒಂದನ್ನು ಮನೆಯಲ್ಲಿ ಬಿಟ್ಟುಬಂದದ್ದಕ್ಕೆ ಸಮ. ಕಣ್ಣಿಗೆ ಹನಿ ಹೊಡೆಯುವುದನ್ನು ತಡೆಯಲು ಹೆಲ್ಮೆಟ್ಟಿನ ಕೆಳಗೆ ಮುಂಚಾಚು ಇರುವ ತೆಳು ಟೋಪಿ ಸಾಕು. ಕನ್ನಡಕಕ್ಕೆ ಆವಿ ಕಟ್ಟುತ್ತದೆ.

ಒಣಬಟ್ಟೆಯ ಒಂದು ಜೊತೆ ಮತ್ತು ಸಣ್ಣ ಪಂಚೆಯನ್ನು ಕೆಲಸದ ಜಾಗದಲ್ಲೇ ಇಟ್ಟುಬಿಟ್ಟರೆ ಅರ್ಧ ಗೆದ್ದಂತೆ. ಅದಾಗದಿದ್ದರೆ ಬಟ್ಟೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲೂ ಪುಸ್ತಕ, ಕಾಗದಗಳನ್ನು ಇನ್ನೊಂದರಲ್ಲೂ ಹಾಕಿ, ಎರಡನ್ನೂ ಬಾಯಿ ಸುರುಳಿ ಸುತ್ತಿ ಕಟ್ಟಿ ಕ್ಯಾರಿಯರಿಗೆ ಬಿಗಿಯಿರಿ. ‘ವಾಟರ್‌ಪ್ರೂಫ್’ ಎಂದು ಮಾರುವ ಬೆನ್ನುಚೀಲಗಳನ್ನು ನಮ್ಮ ಆರಿದ್ರಾ ಮಳೆಯಲ್ಲಿ ಪರೀಕ್ಷಿಸಿ ತಯಾರಿಸಿರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕಾಣಿಸಿಕೊಳ್ಳುವುದು

ಹೆದ್ದಾರಿಯಲ್ಲಿ ಬಸ್ಸಿನ ಚಾಲಕನಿಗೆ ವೈಪರ್ ಒರೆಸಿದ ಗಾಜಿನ ತುಂಡಿನಲ್ಲಿ ಕಾಣುವಷ್ಟೇ ಲೋಕ. ಮಧ್ಯಾಹ್ನವೇ ಕತ್ತಲಾವರಿಸುವ ಜುಲೈನಲ್ಲಿ ಕಪ್ಪು ರೇನ್‌ಕೋಟ್ ತೊಟ್ಟವರು ಒದ್ದೆ ಡಾಂಬರಿನ ಬಣ್ಣಕ್ಕೆ ಸೇರಿಹೋಗುತ್ತಾರೆ. ಹಗಲಿನಲ್ಲೂ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಉರಿಯುತ್ತಿರಲಿ. ಹಗಲು ಮಿನುಗುವ ದೀಪ ಬೇಗ ಗಮನ ಸೆಳೆಯುತ್ತದೆ. ಕತ್ತಲಲ್ಲಿ ಸ್ಥಿರ ದೀಪವಿದ್ದರೆ ಹಿಂದಿನವರಿಗೆ ನೀವೆಷ್ಟು ದೂರದಲ್ಲಿದ್ದೀರೆಂದು ಅಂದಾಜಾಗುತ್ತದೆ. ಬೆಳಕು ಪ್ರತಿಫಲಿಸುವ ಪಟ್ಟಿಯನ್ನು ಬೆನ್ನಿಗಿಂತ ಮೊದಲು ಕಣಕಾಲಿಗೆ ಕಟ್ಟಿ, ಮೇಲೆ ಕೆಳಗೆ ಆಡುವ ಎರಡು ಹೊಳಪುಗಳನ್ನು ಕಂಡ ಕೂಡಲೇ ಅದು ಸೈಕಲ್ ತುಳಿಯುವ ಮನುಷ್ಯನೆಂದು ನೋಡುವವರಿಗೆ ಹೊಳೆಯುತ್ತದೆ.

ಒಳನಾಡಿನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವುದು ಹೊಸದಲ್ಲ. ಚಾರ್ಜ್ ಮಾಡುವ ದೀಪವೊಂದನ್ನೇ ನಂಬದೆ ಸೆಲ್ ಹಾಕುವ ದೀಪವೊಂದನ್ನೂ ಇಟ್ಟುಕೊಳ್ಳಿ. ಕಾರವಾರ ಮತ್ತು ಬಿಣಗಾ ನಡುವಿನ ಹೆದ್ದಾರಿ ಸುರಂಗಕ್ಕೆ ದೀಪವಿಲ್ಲದೆ ಯಾವ ಕಾಲದಲ್ಲೂ ಹೋಗಬೇಡಿ.

ಐದನೆಯ ಹೆಜ್ಜೆ: ಒದ್ದೆ ರಸ್ತೆಯನ್ನು ಓದುವುದು

ಒದ್ದೆ ರಸ್ತೆಯೆಲ್ಲ ಒಂದೇ ಸಮ ಜಾರುವುದಿಲ್ಲ. ಬೇಸಿಗೆಯಿಡೀ ಕೂತ ಎಣ್ಣೆ, ಟಯರಿನ ಪುಡಿ, ಧೂಳು ಮೊದಲ ಮಳೆಯಲ್ಲಿ ಕಲಸಿ ಲೋಳೆಯಾಗುತ್ತವೆ, ಆ ದಿನಗಳ ಮೊದಲ ಅರ್ಧ ಗಂಟೆ ಬಹಳ ಅಪಾಯದ್ದು. ಹನಿಕಡಿಯದೆ ನಾಲ್ಕು ದಿನ ಸುರಿದ ಮೇಲೆ ಅದೇ ಡಾಂಬರು ತೊಳೆದುಹೋಗಿ ಸಾಕಷ್ಟು ಹಿಡಿತ ಕೊಡುತ್ತದೆ.

ಕರಾವಳಿಗೆ ವಿಶೇಷವಾದ ಇನ್ನೊಂದು ಅಪಾಯ ಮೀನಿನ ಲಾರಿಗಳಿಂದ ಸುರಿಯುವ ನೀರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಅದರ ಕಾಟ ಕಡಿಮೆ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಹೆದ್ದಾರಿಯ ಎಡ ಪಟ್ಟಿಯಲ್ಲಿ, ಅದರಲ್ಲೂ ಏರು ಮತ್ತು ತಿರುವುಗಳಲ್ಲಿ ಜಿಡ್ಡಿನ ಗೆರೆ ಬೀಳುತ್ತದೆ. ವಾಸನೆ ಬಂದಲ್ಲಿ ವೇಗ ಇಳಿಸಿ, ಸೈಕಲ್ಲನ್ನು ವಾಲಿಸದೆ ನೆಟ್ಟಗೆ ದಾಟಿಸಿ.

ಬಿಳಿ ಬಣ್ಣದ ಪಟ್ಟಿ, ಗಟಾರದ ಕಬ್ಬಿಣದ ಮುಚ್ಚಳ, ಸೇತುವೆಗಳ ಸಂದಿನ ಕಬ್ಬಿಣದ ಪಟ್ಟಿ ಇವುಗಳ ಮೇಲೆ ಬ್ರೇಕ್ ಹಾಕಬಾರದು, ಹ್ಯಾಂಡಲ್ ತಿರುಗಿಸಬಾರದು; ಬ್ರೇಕನ್ನು ಅವಕ್ಕಿಂತ ಮೊದಲೇ ಮುಗಿಸಿ, ಅಡ್ಡಕ್ಕೆ ನೇರವಾಗಿ ದಾಟಿ. ಅಡಿಕೆ ತೋಟಗಳ ನಡುವಿನ ಕಾಂಕ್ರೀಟ್ ರಸ್ತೆಗಳ ಮೇಲೆ ಶ್ರಾವಣದ ಹೊತ್ತಿಗೆ ಹಸಿರು ಹಾವಸೆ ಕಟ್ಟುತ್ತದೆ. ಗಾಡಿಗಳ ಚಕ್ರ ಓಡಾಡುವ ಎರಡು ಗೆರೆಗಳಲ್ಲಿ ಮಾತ್ರ ಅದು ಸವೆದಿರುತ್ತದೆ, ನೀವೂ ಆ ಗೆರೆಯನ್ನು ಬಿಟ್ಟು ಕದಲಬೇಡಿ. ಉದುರಿದ ಅಕೇಶಿಯಾ ಎಲೆ, ಬಿದ್ದ ಅಡಿಕೆ ಹಾಳೆ ಕೂಡ ಚಕ್ರವನ್ನು ಕದಿಯುತ್ತವೆ. ಕಾಲುಸಂಕ ಬಂದರೆ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿ, ಸಂಕ ನೆನೆದಿದ್ದರೆ ಬೇರೆ ದಾರಿ ಹಿಡಿಯಿರಿ.

ರಸ್ತೆಯ ತೀರ ಅಂಚಿಗೆ ಅಂಟಿಕೊಂಡು ಹೋಗುವುದು ಸುರಕ್ಷಿತವೆಂಬ ನಂಬಿಕೆ ಮಳೆಗಾಲದಲ್ಲಿ ಸುಳ್ಳಾಗುತ್ತದೆ. ಡಾಂಬರಿನ ಅಂಚು ಕೊರೆದು ಪಕ್ಕದ ಕೆಮ್ಮಣ್ಣು ಒಂದು ಗೇಣು ಕೆಳಗಿಳಿದಿರುತ್ತದೆ. ಒಮ್ಮೆ ಇಳಿದ ಚಕ್ರವನ್ನು ಮತ್ತೆ ಹತ್ತಿಸಹೋದವರು ರಸ್ತೆಯ ಕಡೆಗೇ ಬೀಳುತ್ತಾರೆ. ಅಂಚಿನಿಂದ ಮೂರು ಅಡಿ ಒಳಗೆ ಹೋಗಿ. ನೀರು ನಿಂತ ಗುಂಡಿಯ ಆಳ ಗೊತ್ತಿಲ್ಲದಿದ್ದರೆ ಅದರೊಳಗೆ ಇಳಿಯಬೇಡಿ, ತಪ್ಪಿಸುವ ಮೊದಲು ಹಿಂದೆ ನೋಡಿ, ಕೈ ತೋರಿಸಿ. ಚತುಷ್ಪಥ ಹೆದ್ದಾರಿಯಲ್ಲಿ ಸುತ್ತು ಉಳಿಸಲೆಂದು ಎದುರುದಿಕ್ಕಿನಲ್ಲಿ ಬರುವ ನಮ್ಮೂರಿನ ಹವ್ಯಾಸ ಬಿಸಿಲಿನಲ್ಲೇ ತಪ್ಪು, ಮಳೆಯಲ್ಲಿ ಪ್ರಾಣಕ್ಕೇ ಕುತ್ತು.

ಆರನೆಯ ಹೆಜ್ಜೆ: ಸೇತುವೆ ಮತ್ತು ಘಟ್ಟ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಪಶ್ಚಿಮಕ್ಕೆ ಹರಿಯುವ ನದಿಗಳಾದ್ದರಿಂದ ಅವುಗಳ ಮೇಲಿನ ಹೆದ್ದಾರಿ ಸೇತುವೆಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿವೆ. ಮುಂಗಾರಿನ ಗಾಳಿ ಕಡಲಿನ ಕಡೆಯಿಂದ ಅಡ್ಡಲಾಗಿ ಹೊಡೆಯುತ್ತದೆ. ಲಾರಿಯೊಂದು ಪಕ್ಕದಲ್ಲಿ ಹಾಯ್ದಾಗ ಗಾಳಿ ಕ್ಷಣ ಹೊತ್ತು ಮರೆಯಾಗಿ, ಅದು ಮುಂದೆ ಹೋದೊಡನೆ ಮತ್ತೆ ಅಪ್ಪಳಿಸುತ್ತದೆ. ಆಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಸೈಕಲ್ಲು ಇನ್ನಷ್ಟು ಅಲುಗುತ್ತದೆ. ಮೊಣಕೈ ಸಡಿಲ ಬಿಟ್ಟು, ಮೈ ತುಸು ಬಗ್ಗಿಸಿ, ನಿಧಾನವಾಗಿ ತುಳಿಯುತ್ತಿರಿ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರ–ಸದಾಶಿವಗಡ ನಡುವಿನ ಹಳೆಯ ಕಾಳಿ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಗೇ ಬಂದವು. ಗಾಳಿ ಜೋರಿರುವ ದಿನ ಇಂಥಲ್ಲಿ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಘಟ್ಟದ ಮಾತು. ದೇವಿಮನೆ, ಅರಬೈಲ್, ಅಣಶಿ, ಗೇರುಸೊಪ್ಪೆ ಘಟ್ಟಗಳಲ್ಲಿ ಮಳೆಗಾಲದಲ್ಲಿ ಹತ್ತುವುದು ಕಷ್ಟ, ಇಳಿಯುವುದು ಅಪಾಯ. ಹತ್ತುವಾಗ ಬೆವರಿ ನೆನೆದ ಮೈ ಇಳಿಯುವಾಗ ಗಾಳಿಗೆ ತಣ್ಣಗಾಗುತ್ತದೆ, ಆದ್ದರಿಂದ ಜಾಕೆಟನ್ನು ಚಳಿಯಾದ ಮೇಲೆ ಹಾಕಿಕೊಳ್ಳುವ ಬದಲು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಿ. ತಿರುವಿಗೆ ಮೊದಲು, ಸೈಕಲ್ಲು ನೆಟ್ಟಗಿರುವಾಗಲೇ ವೇಗವನ್ನು ಪೂರ್ತಿ ಇಳಿಸಿ. ತಿರುವಿನ ನಡುವೆ ಬ್ರೇಕ್ ಹಾಕಬಾರದು. ಎರಡೂ ಬ್ರೇಕುಗಳನ್ನು ಹಗುರವಾಗಿ, ಬಿಟ್ಟುಬಿಟ್ಟು ಬಳಸಿ. ನಿಲ್ಲಲು ಒಣ ರಸ್ತೆಯಲ್ಲಿ ಬೇಕಾಗುವುದರ ಎರಡರಷ್ಟಾದರೂ ಜಾಗ ಬೇಕೆಂದು ಲೆಕ್ಕ ಹಾಕಿಕೊಂಡೇ ಇಳಿಯಬೇಕು. ಒಳತಿರುವಿನಲ್ಲಿ ಹಾವಸೆ, ಹೊರತಿರುವಿನಲ್ಲಿ ಗುಡ್ಡದಿಂದ ಇಳಿದ ಜಲ್ಲಿ ಇರುವುದು ಸಾಮಾನ್ಯ.

ಗುಡ್ಡ ಕಡಿದ ಜಾಗದ ಕೆಳಗೆ ನಿಲ್ಲಬೇಡಿ, ಅಲ್ಲಿ ಚಹಾದಂಗಡಿಯಿದ್ದರೂ ಸರಿಯೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ರಸ್ತೆ ಬದಿಯ ಅಂಗಡಿ, ನಿಂತ ವಾಹನಗಳು ಗಂಗಾವಳಿಯ ಪಾಲಾದವು. ಸಣ್ಣ ಕಲ್ಲುಗಳು ಉರುಳುತ್ತಿದ್ದರೆ, ಗುಡ್ಡದಿಂದ ಇಳಿಯುವ ನೀರು ಇದ್ದಕ್ಕಿದ್ದಂತೆ ಕೆಸರಾಗಿದ್ದರೆ, ಕಂಬ ಮರಗಳು ವಾಲಿದ್ದರೆ ಬಂದ ದಾರಿಯಲ್ಲೇ ಹಿಂತಿರುಗಿ. ಘಟ್ಟದ ರಸ್ತೆಗಳು ಮಳೆಗಾಲದಲ್ಲಿ ಬಂದ್ ಆಗುವುದುಂಟು, ಮೊದಲೇ ವಿಚಾರಿಸಿ ಹೊರಡಿ. ನನ್ನನ್ನು ಕೇಳಿದರೆ, ಜುಲೈನಲ್ಲಿ ಘಟ್ಟದ ಸವಾರಿ ಮಾಡದೆ ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ದೇವಿಮನೆ ನವೆಂಬರಿನಲ್ಲೂ ಅಲ್ಲೇ ಇರುತ್ತದೆ.

ಏಳನೆಯ ಹೆಜ್ಜೆ: ಮನೆಗೆ ಬಂದ ಮೇಲಿನ ಹತ್ತು ನಿಮಿಷ

ನಾಳೆ ಸೈಕಲ್ಲು ಹೊರಡುತ್ತದೋ ಇಲ್ಲವೋ ಎಂಬುದು ಇಂದು ಈ ಹತ್ತು ನಿಮಿಷದಲ್ಲಿ ನಿರ್ಧಾರವಾಗುತ್ತದೆ. ಮೊದಲು ಒಂದು ಬಕೆಟ್ ಸಿಹಿನೀರು ಸುರಿದು ಕೆಸರು ಕಳೆಯಿರಿ. ಕಡಲ ಹತ್ತಿರದವರಿಗೆ ಇದು ಕಡ್ಡಾಯ, ಗಾಳಿಯಲ್ಲಿನ ಉಪ್ಪಿನಂಶ ಲೋಹವನ್ನು ಬೇಗ ತಿನ್ನುತ್ತದೆ. ಹಬ್ ಮತ್ತು ಪೆಡಲಿನ ಬೇರಿಂಗಿಗೆ ಪೈಪಿನಿಂದ ರಭಸವಾಗಿ ನೀರು ಬಿಡಬೇಡಿ, ಗ್ರೀಸ್ ಹೋಗಿ ನೀರು ಒಳಸೇರುತ್ತದೆ. ಹಳೆಯ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಿ, ಕೊಂಡಿಗೊಂದು ತೊಟ್ಟು ಎಣ್ಣೆ ಬಿಟ್ಟು, ಹೊರಗಿನ ಎಣ್ಣೆಯನ್ನು ಮತ್ತೆ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆ ಮಣ್ಣನ್ನು ಹಿಡಿಯುವುದಕ್ಕಷ್ಟೇ ಉಪಯೋಗ. ತಿಂಗಳಿಗೊಮ್ಮೆ ಸೀಟಿನ ಕಂಬವನ್ನು ಹೊರಗೆಳೆದು ಸೈಕಲ್ಲನ್ನು ತಲೆಕೆಳಗಾಗಿಸಿದರೆ ಫ್ರೇಮಿನೊಳಗೆ ನಿಂತ ನೀರು ಸುರಿದುಹೋಗುತ್ತದೆ. ಆ ಕಂಬಕ್ಕೆ ಗ್ರೀಸ್ ಹಚ್ಚಿ ಮತ್ತೆ ಕೂರಿಸಿ.

ಬೂಟು ಹಾಕುವವರು ಒಳಗೆ ವೃತ್ತಪತ್ರಿಕೆಯ ಉಂಡೆ ತುರುಕಿ, ಒಂದು ಗಂಟೆಯ ಮೇಲೆ ಅದನ್ನು ಬದಲಾಯಿಸಬೇಕು. ಬಚ್ಚಲೊಲೆಯ ಮೇಲಿನ ಗಳುವಿಗೆ ಹತ್ತಿಬಟ್ಟೆ ಹರವಬಹುದು. ರೇನ್‌ಕೋಟ್, ಪಾಲಿಯೆಸ್ಟರ್ ಅಂಗಿಗಳಿಗೆ ಆ ಶಾಖ ಆಗಿಬರುವುದಿಲ್ಲ.

ಕಾಲ್ಬೆರಳ ಸಂದುಗಳನ್ನು ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ, ಇಲ್ಲವಾದರೆ ಕೆಸರುಹುಣ್ಣು ಖಚಿತ. ಹೊರಡುವ ಮುನ್ನ ಸಂದುಗಳಿಗೂ ತೊಡೆಗೂ ತೆಂಗಿನೆಣ್ಣೆ ಹಚ್ಚಿದರೆ ಉಜ್ಜುವುದು ಕಡಿಮೆಯಾಗುತ್ತದೆ. ಚೈನಿಗೆ ಬೇಡವೆಂದ ಎಣ್ಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಲಿನಲ್ಲಿ ಗಾಯವಿದ್ದರೆ ನೀರು ಸೇರದಂತೆ ಮುಚ್ಚಿ; ನಿಂತ ನೀರಿನಿಂದ ಗಾಯದ ಮೂಲಕ ಇಲಿ ಜ್ವರ ಬರಬಹುದು, ಅಂಥ ನೀರು ತುಳಿದ ಬಳಿಕ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಆ ವಿಷಯವನ್ನೂ ಹೇಳಿ. ಘಟ್ಟದ ಮೇಲಿನ ಉಂಬಳಕ್ಕೆ ಉಪ್ಪೋ ಸುಣ್ಣವೋ ಸಾಕು.

ಎಂಟನೆಯ ಹೆಜ್ಜೆ: ಮನಸ್ಸು ಹಿಂದೆಗೆಯದಂತೆ

ವ್ಯಾಯಾಮಕ್ಕೆಂದು ಹೊರಡುವವರು ಪುನರ್ವಸು ಮಳೆಯ ಹೊತ್ತಿಗೆ ನಿಂತುಬಿಡುತ್ತಾರೆ, ಕೆಲಸಕ್ಕೆಂದು ಹೊರಡುವವರು ಮುಂದುವರಿಯುತ್ತಾರೆ. ಡೇರಿಗೆ ಹಾಲು ಹಾಕುವುದು, ಪೇಟೆಯಿಂದ ತರಕಾರಿ ತರುವುದು, ಗ್ರಂಥಾಲಯಕ್ಕೆ ಪತ್ರಿಕೆ ಓದಲು ಹೋಗುವುದು, ಯಾವುದಾದರೂ ಒಂದು ಕೆಲಸವನ್ನು ಸೈಕಲ್ಲಿಗೇ ಮೀಸಲಿಡಿ. ಬೈಕಿನ ಕೀಲಿ ಕೈಗೆ ಸುಲಭವಾಗಿ ಸಿಗದ ಜಾಗದಲ್ಲಿದ್ದರೆ ಇನ್ನೂ ಒಳ್ಳೆಯದು.

ದಿನದ ಗುರಿ ಬೇಡ, ವಾರದ ಗುರಿ ಇರಲಿ. ವಾರಕ್ಕೆ ಮೂರು ದಿನ ಎಂದಿಟ್ಟುಕೊಂಡರೆ ಯಾವ ಮೂರು ದಿನ ಎಂಬುದನ್ನು ಮಳೆಗೇ ಬಿಡಬಹುದು. ಒಂದು ದಿನವೂ ತಪ್ಪಿಸದಂತೆ ಲೆಕ್ಕವಿಡುವ ಮೊಬೈಲ್ ಆ್ಯಪ್‌ಗಳನ್ನು ಈ ನಾಲ್ಕು ತಿಂಗಳು ದೂರವಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಾಲು ತುಂಡಾಗುತ್ತದೆಂಬ ಹಟಕ್ಕೆ ಬಿದ್ದು ರೆಡ್ ಅಲರ್ಟಿನಲ್ಲೂ ಹೊರಡುವಂತೆ ಅವು ಮಾಡುತ್ತವೆ. ಕಿಲೋಮೀಟರಿನ ಲೆಕ್ಕವೂ ಅಷ್ಟೇ. ಒದ್ದೆ ರಸ್ತೆಯಲ್ಲಿ ಗಾಳಿಗೆದುರಾಗಿ 8 ಕಿ.ಮೀ. ಹೋದದ್ದು ಬೇಸಿಗೆಯ 15 ಕಿ.ಮೀ.ಗೆ ಕಡಿಮೆಯೇನಲ್ಲ.

ರಾತ್ರಿಯೇ ಚೀಲ ಕಟ್ಟಿ, ದೀಪ ಚಾರ್ಜಿಗಿಟ್ಟು, ಗಾಳಿ ನೋಡಿ ಮಲಗಿ. ಬೆಳಿಗ್ಗೆ ಮನಸ್ಸಿಲ್ಲದಿದ್ದರೆ ಹತ್ತು ನಿಮಿಷ ಮಾತ್ರ ಹೋಗಿ ಬರುತ್ತೇನೆಂದು ಹೊರಡಿ, ಆಮೇಲೂ ಬೇಡವೆನಿಸಿದರೆ ತಿರುಗಿ ಬರುವ ಸ್ವಾತಂತ್ರ್ಯ ನಿಜವಾಗಿಯೂ ಇರಲಿ. ದಾರಿಯನ್ನು ಮನೆಯ ಸುತ್ತಲೇ ತಿರುಗುವಂತೆ ಆರಿಸಿಕೊಂಡರೆ, ನಡುವೆ ಬಸ್ ತಂಗುದಾಣ, ಪರಿಚಯದವರ ಅಂಗಡಿ ಇದ್ದರೆ, ಮಳೆ ಹೊಳವಾಗುವವರೆಗೆ ನಿಲ್ಲಲು ಜಾಗವಿದೆಯೆಂಬ ಧೈರ್ಯವಿರುತ್ತದೆ. ಶುಂಠಿ, ಜೀರಿಗೆ ಕಷಾಯದ ಆಸೆ ತೋರಿಸಿ ಮೈಯನ್ನು ಹೊರಡಿಸುವುದೂ ತಪ್ಪಲ್ಲ. ಜೊತೆಗಾರರೊಬ್ಬರಿದ್ದರಂತೂ ಈ ಯಾವ ಉಪಾಯವೂ ಬೇಕಾಗುವುದಿಲ್ಲ, ಕಾಯುತ್ತಿರುವವರ ಮುಖ ನೆನೆದು ಎದ್ದೇ ಏಳುತ್ತೀರಿ.

ಮಳೆ ಮುಗಿದು ಚಳಿ ಹಿಡಿದ ಮೇಲೆ

ನಮ್ಮ ಚಳಿಗಾಲ ಸೌಮ್ಯವಾದದ್ದು, ಕಾರವಾರದಲ್ಲಂತೂ ಸವಾರಿಗೆ ಅದೇ ಸುಗ್ಗಿ. ಶಿರಸಿ, ಸಿದ್ದಾಪುರದಲ್ಲಿ ಮಾತ್ರ ಡಿಸೆಂಬರ್, ಜನವರಿಯ ಮುಂಜಾನೆ ಮಂಜು ಕವಿಯುತ್ತದೆ. ಮರಗಳಿಂದ ಇಬ್ಬನಿ ತೊಟ್ಟಿಕ್ಕಿ, ಉಳಿದ ರಸ್ತೆ ಒಣಗಿದ್ದರೂ ನೆರಳಿನ ತಿರುವು ಒದ್ದೆಯಾಗಿರುತ್ತದೆ. ಕೈಗವಸು ಹಾಕಿ, ದೀಪ ಹೊತ್ತಿಸಿ, ಸಾಧ್ಯವಿದ್ದರೆ ಬಿಸಿಲು ಬಂದ ಮೇಲೆ ಹೊರಡಿ.

ಅಕ್ಟೋಬರ್ ಕೊನೆಯಲ್ಲಿ ಮಳೆಗಾಲದ ಸವೆತವನ್ನು ಅಳೆದು ನೋಡಬೇಕು. ಬ್ರೇಕ್ ರಬ್ಬರು ಮತ್ತು ಕೇಬಲ್‌ಗಳನ್ನು ಬದಲಿಸಿ, ಹಬ್ಬುಗಳನ್ನು ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ, ರಿಮ್ಮಿನ ಬದಿ ಬೆರಳಿಗೆ ತಗ್ಗಾಗಿ ಹತ್ತಿದರೆ ಅಂಗಡಿಯವರಿಗೆ ತೋರಿಸಿ. ಚೈನನ್ನು ಮನೆಯಲ್ಲೇ ಅಳೆಯಬಹುದು: ಇಂಚಿನ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ 24 ಪಿನ್ನುಗಳಾಚೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಅದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಆಚೆ ಹೋಗಿದ್ದರೆ ಚೈನನ್ನು ಬದಲಿಸಿ. ಎಂಟನೆಯ ಒಂದು ಭಾಗ ದಾಟಿದ್ದರೆ ಅದು ಆಗಲೇ ಹಿಂದಿನ ಹಲ್ಲುಚಕ್ರವನ್ನೂ ಸವೆಸಿರುತ್ತದೆ, ಎರಡನ್ನೂ ಒಟ್ಟಿಗೇ ಹಾಕಿಸಬೇಕಾಗುತ್ತದೆ.